ಸೀದಿಗೆ ದಾರಿ ರೂಢಿಯಾದದ್ದು

ಎರಡು ಪಂಜರಗಳ ಬಾಯಿಗೆ ಬಾಯಿ ಸೇರಿಸಿ, ಹಳೆಯ ತಲೆವಸ್ತ್ರದಿಂದ ಬಿಗಿದು ಕಟ್ಟಿ, ಚಿಕ್ಕ ಪಂಜರದೊಳಗೆ ಒಂದಿಷ್ಟು ಹುಚ್ಚೆಳ್ಳು ಚೆಲ್ಲಿ, ಜುಲೀಖಾ ಅಡಿಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಸೀದಿ ಬರಲಿಲ್ಲ. ದೊಡ್ಡ ಪಂಜರದ ಕಡ್ಡಿಯ ಮೇಲೆ ಕೂತು ತನ್ನ ಕೆಂಪು ಮುಖವನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಸಿ ಇವಳನ್ನೇ ನೋಡುತ್ತಿತ್ತು. ಕೈಹಾಕಿ ಹಿಡಿದು ಆಚೆ ಬಿಟ್ಟರೆ ಚಿಟಿಕೆ ಹೊಡೆಯುವುದರೊಳಗೆ ಮುಗಿಯುವ ಕೆಲಸ. ಆದರೆ ಹಿಡಿದ ಕೈಯ ಹೆದರಿಕೆ ಹಕ್ಕಿಯ ಎದೆಯಲ್ಲಿ ದಾರಿಯುದ್ದಕ್ಕೂ ಡವಗುಟ್ಟುತ್ತಿರುತ್ತದೆ. ಮಕ್ನೀನ್ ಎಂಬ ಈ ಹಾಡುಹಕ್ಕಿ ಸಾಯುವುದು ಹಸಿವಿನಿಂದಲ್ಲ, ಹೆದರಿಕೆಯಿಂದ ಎಂದು, ಆಗಿನ್ನೂ ಅವಳ ಗಂಡನಾಗಿದ್ದ ಖೆಮೀಸಿ ಯಾರಿಗೋ ಹೇಳುತ್ತಿದ್ದುದನ್ನು ಅವಳು ಇದೇ ಅಡಿಗೆಮನೆಯಲ್ಲಿ ಕಾಫಿ ಕುದಿಸುತ್ತ ಕೇಳಿಸಿಕೊಂಡಿದ್ದಳು. ಅವಳಿಗೆಂದು ಅವನು ಹಕ್ಕಿಯ ವಿಷಯ ಹೇಳಿದ್ದೇ ಇಲ್ಲ. ಅವಳಿಗೆ ಹೇಳಿದ್ದೆಲ್ಲ ಒಂದೇ ಅಕ್ಷರ: ಶ್. ಸೀದಿ ಹಾಡುತ್ತಿದ್ದಾನೆ, ಶ್. ಸೀದಿ ಎಂದರೆ ಒಡೆಯ. ಹೆಸರಿಟ್ಟ ದಿನ ಅದೊಂದು ತಮಾಷೆಯೆಂದು ಅವಳೂ ನಕ್ಕಿದ್ದಳು. ಈಗ ಅದೇ ಒಡೆಯ ಬಾಗಿಲ ಬಳಿಗೆ ಒಂದು ಹಾರು ಹಾರಿ, ಕಾಳು ನೋಡಿ, ಮತ್ತೆ ಹಿಂದಕ್ಕೆ ಹೋದ. ಬರಲಿ, ನಿಧಾನವಾಗಿಯೇ ಬರಲಿ ಎಂದುಕೊಂಡಳು. ಒಲೆಯ ಮೇಲಿನ ಸಾರು ಹೊತ್ತಿ ವಾಸನೆ ಬಂದರೂ ಅವಳು ಏಳಲಿಲ್ಲ.

ಫೋನು ಬಂದದ್ದು ಹಿಂದಿನ ವಾರ. ಆರೇಳು ತಿಂಗಳಿಂದ ಕೇಳದಿದ್ದ ಖೆಮೀಸಿಯ ಧ್ವನಿ, ಹೇಗಿದ್ದೀಯ ಎಂದು ಕೂಡ ಕೇಳದೆ, “ನಜೀರ್ ಆ ಕಡೆ ಬರ್ತಾನೆ, ವ್ಯಾನ್ ಇರುತ್ತೆ. ಸೀದೀನ ಅವನ ಕೈಲಿ ಕೊಟ್ಟು ಕಳಿಸು,” ಎಂದಿತು. ಅವನ ಗೆಳೆಯ ನಜೀರನ ವ್ಯಾನನ್ನು ಅವಳು ಕಂಡಿದ್ದಳು. ಕೋಳಿ ಸಾಗಿಸುವ ವ್ಯಾನು, ಒಳಗೆ ಯಾವಾಗಲೂ ಸಿಗರೇಟಿನ ಹೊಗೆ.

“ನಜೀರ್ ಕೈಲಿ ಕೊಡಲ್ಲ,” ಎಂದಳು. “ನಾನೇ ತರ್ತೀನಿ.”

“ನೀನಾ? ನಮ್ಮೂರು ಕುಸಂತೀನಾವರೆಗೆ? ಹಕ್ಕಿ ವಿಷಯ ನಿಂಗೇನು ಗೊತ್ತು?”

“ಬದುಕಿರೋದನ್ನ ಬದುಕಿದ್ದ ಹಾಗೇ ತಂದು ಕೊಡೋದು ಗೊತ್ತು.”

ಅವನು, “ನೋಡು ಜುಲೀಖಾ, ಅದಕ್ಕೇನಾದ್ರೂ ಆದ್ರೆ...” ಎಂದು ಮಾತು ಅರ್ಧಕ್ಕೇ ಬಿಟ್ಟ. ಆ ಬಿಟ್ಟ ಅರ್ಧವೇ ಅವಳ ಎದೆಗೆ ನಾಟಿದ್ದು. ಅದಕ್ಕೇನಾದರೂ ಆದರೆ ಅವಳ ಕೇರಿಯಾದ ಬಾಬ್ ಅಲ್ ವಾದ್‌ನ ಮೆಟ್ಟಿಲು ಮೆಟ್ಟಿಲಿನಲ್ಲೂ, ಅವನ ಅಕ್ಕತಂಗಿಯರ ಮನೆ ಮನೆಯಲ್ಲೂ, ಹಕ್ಕಿ ಸಾಕುವವರ ಕಾಫಿ ಅಂಗಡಿಗಳಲ್ಲೂ ಒಂದೇ ಮಾತು ಹುಟ್ಟುತ್ತದೆ: ತಲಾಖ್ ಆದ ಹೆಂಗಸು, ಹೊಟ್ಟೆಕಿಚ್ಚಿಗೆ ಗಂಡನ ಹಕ್ಕಿ ಕೊಂದಳು. ವ್ಯಾನಿನಲ್ಲಿ ಸತ್ತರೂ ಅವಳೇ ಕೊಂದದ್ದು, ಅಲ್ಲಿಗೆ ಹೋಗಿ ಸತ್ತರೂ ಅವಳೇ ಏನೋ ತಿನ್ನಿಸಿ ಕಳಿಸಿದ್ದು. ಬೇರೆ ಏನು ಬೇಕಾದರೂ ಅನ್ನಲಿ, ಮಕ್ಕಳಾಗಲಿಲ್ಲ ಎಂದದ್ದನ್ನೂ ಕೇಳಿಕೊಂಡು ಆಗಿದೆ. ಆದರೆ ಬೆರಳುದ್ದದ ಜೀವ ತೆಗೆದವಳು ಎನ್ನಿಸಿಕೊಂಡು ಬದುಕುವುದು ಅವಳಿಂದಾಗದು. ಅವನ ಕೈಗೇ ಕೊಡಬೇಕು, ನಾಲ್ಕು ಜನ ನೋಡುವಾಗ ಕೊಡಬೇಕು, ಹಕ್ಕಿ ರೆಕ್ಕೆ ಕೊಡವಿ ಅವರೆದುರೇ ಹಾಡಬೇಕು. ಆಗ ಅವನ ಮುಖ ನೋಡಬೇಕು. ಇಷ್ಟನ್ನು ನಿರ್ಧರಿಸಿಯೇ ಅವಳು ಮಾಳಿಗೆಯಿಂದ ಆ ಚಿಕ್ಕ ಮರದ ಪಂಜರ ಇಳಿಸಿ, ಬಿಸಿನೀರಿನಲ್ಲಿ ತಿಕ್ಕಿ ಬಿಸಿಲಿಗೆ ಇಟ್ಟದ್ದು.

ಸೀದಿ ಕೊನೆಗೆ ತಾನಾಗಿಯೇ ಚಿಕ್ಕ ಪಂಜರಕ್ಕೆ ಬಂದ. ತಿಂದ. ಹೊರಗೆ ಹೋದ, ಮತ್ತೆ ಬಂದ. ಮಾರನೆಯ ದಿನ ಅವಳು ಕರೆಯುವ ಮೊದಲೇ ಬಂದ. ಒಳಗಿನ ಉಯ್ಯಾಲೆಯನ್ನು ಅವಳು ಬಿಚ್ಚಿ ತೆಗೆದಳು, ಗಾಡಿ ಕುಲುಕಿದರೆ ಅದು ತಲೆಗೆ ಬಡಿಯುತ್ತದೆ. ಕೂರುವ ಕಡ್ಡಿಯನ್ನು ಕೆಳಕ್ಕೆ, ನೆಲದ ಹತ್ತಿರಕ್ಕೆ ತಂದು, ಜಾರದಂತೆ ಹತ್ತಿಯ ದಾರ ಸುತ್ತಿ, ತಂತಿಯಿಂದ ಎರಡೂ ಕಡೆ ಕಟ್ಟಿದಳು. ನೀರಿನ ಬಟ್ಟಲು ಬೇಡ, ಚೆಲ್ಲಿ ರೆಕ್ಕೆ ನೆನೆದರೆ ಕೆಮ್ಮು ಹಿಡಿಯುತ್ತದೆ. ಸರಳುಗಳ ನಡುವೆ ಸೌತೆಕಾಯಿಯ ಹೋಳು ಸಿಕ್ಕಿಸಿದರೆ ಸಾಕು, ಬಾಯಾರಿದಾಗ ಕುಕ್ಕಿಕೊಳ್ಳುತ್ತದೆ. ತಳಕ್ಕೆ ಒರಟು ಬಟ್ಟೆ ಹಾಸಿ ಅಂಚು ಹೊಲಿದಳು. ಹೊಲಿಯುತ್ತಿರುವಾಗ ಕಪಾಟಿನ ಬಾಗಿಲು ಹಾಕಲು ಎದ್ದವಳು, ತಾನು ಅದನ್ನು ಬೆರಳು ಅಡ್ಡ ಕೊಟ್ಟು ಸದ್ದಾಗದಂತೆ ಮುಚ್ಚುತ್ತಿರುವುದನ್ನು ಕಂಡು ನಾಚಿದಳು. ಶ್ ಎನ್ನುವವನು ಹೋಗಿ ಇಷ್ಟು ದಿನವಾದರೂ ಬೆರಳು ಮರೆತಿಲ್ಲ. ಹಿಂದೊಮ್ಮೆ ಅವಳ ತಂಗಿಯ ಮದುವೆಗೆ ಮುಂಚೆ ಹೆಂಗಸರೆಲ್ಲ ಇಲ್ಲಿ ಸೇರಿ ಬಾದಾಮಿ ಅರೆಯುತ್ತ, ಯಾರೋ ಉತ್ಸಾಹಕ್ಕೆ ನಾಲಗೆ ಆಡಿಸಿ ಮದುವೆಯ ಕೂಗು ಹಾಕಿದಾಗ, ಖೆಮೀಸಿ ಒಳಕೋಣೆಯಿಂದ ಬರಿಗಾಲಲ್ಲಿ ಓಡಿಬಂದು, ಬೇಡ ತಾಯಂದಿರಾ, ಹಕ್ಕಿ ಎಳೆಯದು, ಇದನ್ನ ಕಲಿತುಬಿಟ್ರೆ ಅದರ ನಾಲಗೆ ಕೆಡುತ್ತೆ ಎಂದು ಕೈಮುಗಿದಿದ್ದ. ಅವರು ನಗುತ್ತ ಮಹಡಿಯ ಮೇಲಕ್ಕೆ ಹೋದರು. ಅವಳು ತಟ್ಟೆ ಹಿಡಿದು ನಗುಮುಖದಲ್ಲೇ ನಿಂತಿದ್ದಳು, ಆ ನಗು ಕೆನ್ನೆಯಲ್ಲಿ ಹೆಪ್ಪುಗಟ್ಟಿ ನೋಯುವವರೆಗೆ.

ನಾಲಗೆ ಕೆಡುವುದು. ಅದೇ ಈಗಿನ ಕಷ್ಟ. ಹಕ್ಕಿಯನ್ನು ಅವನು ಬೆಳಕು ಕಡಿಮೆಯಿದ್ದ ಒಳಕೋಣೆಯಲ್ಲಿ ಬಟ್ಟೆ ಮುಚ್ಚಿ ಇಡುತ್ತಿದ್ದ. ಎಂದೋ ಸತ್ತ ಯಾವುದೋ ಹೆಸರಾಂತ ಮಕ್ನೀನ್ ಹಾಡಿದ ಕ್ಯಾಸೆಟ್ಟನ್ನು ಅದರ ಮುಂದೆ ಹಾಕುತ್ತಿದ್ದ. ಅವನು ಹೋದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಪಂಜರವನ್ನು ಅಡಿಗೆಮನೆಯ ಬಾಲ್ಕನಿಗೆ ತಂದು ತೂಗುಹಾಕಿದ್ದು. ಕರುಣೆಯಿಂದಲೋ ಸೇಡಿನಿಂದಲೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬಿಸಿಲಿತ್ತು, ಕೆಳಗೆ ಸಮುದ್ರದ ಗಾಳಿಯಿತ್ತು, ಅವಳು ಕೊಡವುವ, ಕುಸ್ಕುಸ್ ರವೆ ಒಣಗಿಸುವ ಬಟ್ಟೆಯಿಂದ ಉದುರುವ ಕಾಳಿಗೆ ಗುಬ್ಬಚ್ಚಿಗಳು ಬರುತ್ತಿದ್ದವು. ಒಂದು ಬೆಳಿಗ್ಗೆ ಸೀದಿಯ ಹಾಡಿನ ನಡುವೆ, ಆ ಕ್ಯಾಸೆಟ್ಟಿನ ಏರಿಳಿತಗಳ ನಡುವೆ, ಚಿಂವ್ ಚಿಂವ್ ಎಂದು ಅಪ್ಪಟ ಬೀದಿಗುಬ್ಬಚ್ಚಿ ಕೇಳಿಸಿತು. ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದೇಕೆ. ದೊಡ್ಡ ಮನುಷ್ಯರ ಮನೆಯ ಹುಡುಗ ಬೀದಿಯ ಬೈಗುಳ ಕಲಿತು ಬಂದ ಹಾಗಿತ್ತು. ಹಕ್ಕಿ ಸಾಕುವವರ ಕಣ್ಣಿಗೆ ಮಾತ್ರ ಅದು ಕುಷ್ಠವಿದ್ದಂತೆ; ಅಂಥ ಹಕ್ಕಿಯನ್ನು ಅವರು ಬೇರೆ ಹಕ್ಕಿಗಳ ಹತ್ತಿರವೂ ಸೇರಿಸುವುದಿಲ್ಲ. ಫೋನು ಬಂದ ಮೇಲೆ ಆ ಚಿಂವ್ ಕೇಳಿದಾಗೆಲ್ಲ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಪಂಜರದ ಕಡೆ ನೋಡುತ್ತಿದ್ದಳು. ಒಂದು ದಿನ ಧೈರ್ಯಮಾಡಿ ಪಂಜರವನ್ನು ಒಳಕೋಣೆಗೆ ಒಯ್ದು, ಬಟ್ಟೆ ಮುಚ್ಚಿ, ಆ ಕ್ಯಾಸೆಟ್ಟು ಹಾಕಿದಳು. ಸೀದಿ ಗುಬ್ಬಚ್ಚಿಯನ್ನೂ ಹಾಡಲಿಲ್ಲ, ಕ್ಯಾಸೆಟ್ಟನ್ನೂ ಹಾಡಲಿಲ್ಲ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತ. ಸಂಜೆಗೆ ಅವಳು ಬಟ್ಟೆ ಕಿತ್ತೆಸೆದು, ತಡೆಯಲಾರದೆ, ಹಾಡಿಲ್ಲದಿದ್ದರೆ ಕತ್ತೆಬಾಲ, ಜೀವ ಇರಲಿ ಎಂದು ಜೋರಾಗಿಯೇ ಅಂದಳು. ಮತ್ತೆ ಬಾಲ್ಕನಿಗೆ ತಂದಿಟ್ಟಳು. ತಾನು ಮಾತು ಕೊಟ್ಟಿರುವುದು ಹಕ್ಕಿಯನ್ನು ಬದುಕಿದ್ದಂತೆ ತರುತ್ತೇನೆಂದು, ಹಾಡಿನ ಬಗ್ಗೆ ಅಲ್ಲ.

ಆಮೇಲೆ ಮೆಟ್ಟಿಲಿನ ಅಭ್ಯಾಸ. ಚಿಕ್ಕ ಪಂಜರದ ಮೇಲೆ ಬಿಳಿಯ ಹತ್ತಿಬಟ್ಟೆ ಹೊದಿಸಿ, ಉಸಿರಿಗೆಂದು ಒಂದು ಕಡೆ ಸೀಳು ಬಿಟ್ಟು, ದಿನವೂ ಕೆಳಗಿಳಿದು ಮೇಲೆ ಹತ್ತುವುದು. ಕೆಳಮನೆಯ ದಹ್ಬಿಯಾ ಬಾಗಿಲಲ್ಲೇ ಬೆಳ್ಳುಳ್ಳಿ ಬಿಡಿಸುತ್ತ ಕೂತಿರುತ್ತಿದ್ದಳು.

“ಏನೇ ಇದು, ಹಾಲು ಕುಡಿದ ಕೂಸನ್ನ ತೇಗಿಸೋ ಹಾಗೆ ಎತ್ಕೊಂಡು ಓಡಾಡ್ತೀಯಾ?”

“ದಾರಿ ರೂಢಿ ಮಾಡಿಸ್ತಿದ್ದೀನಿ ಕಣೇ. ಒಮ್ಮೆಗೇ ಕೂರಿಸಿದ್ರೆ ಬೆದರುತ್ತೆ.”

“ನಿನ್ನನ್ನ ಬಿಟ್ಟವನ ಹಕ್ಕಿಗೆ ಇಷ್ಟು ಉಪಚಾರ! ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ನಿಂದು ಎಲ್ಲಾ ಉಲ್ಟಾ. ಬಾಗಿಲು ತೆಗೆದು ಹಾರಿಸಿಬಿಡು, ಹೋಯ್ತು ಅನ್ನು.”

“ಹುಟ್ಟಿದ್ದೇ ಪಂಜರದಲ್ಲಿ. ಬಿಟ್ರೆ ಸಂಜೆಯೊಳಗೆ ಬೆಕ್ಕಿನ ಬಾಯಿಗೆ.”

ದಹ್ಬಿಯಾ ಬೆಳ್ಳುಳ್ಳಿ ಸಿಪ್ಪೆ ಊದಿ ಹಾರಿಸಿ, ದನಿ ತಗ್ಗಿಸಿ, “ದಾರೀಲಿ ಏನಾದ್ರೂ ಆದ್ರೆ ನಾನು ನಂಬ್ತೀನಿ ಬಿಡು, ನೀನು ಬೇಕಂತ ಮಾಡಿರಲ್ಲ ಅಂತ,” ಎಂದಳು. ಸಮಾಧಾನಕ್ಕೆ ಹೇಳಿದ ಮಾತೇ. ಆದರೂ ಜುಲೀಖಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇವಳೂ ಆಗಲೇ ಸತ್ತ ಹಕ್ಕಿಯನ್ನು ಕಣ್ಣೆದುರು ಕಾಣುತ್ತಿದ್ದಾಳೆ. ಅವತ್ತು ಅವಳು ಮೆಟ್ಟಿಲಿಗೆ ನಿಲ್ಲಿಸದೆ ಬಸ್ಸು ಹತ್ತಿದಳು, ಸಮುದ್ರದ ದಂಡೆಯುದ್ದಕ್ಕೂ ಹೋಗಿ ಬಂದಳು. ಬಸ್ಸಿನ ಹಾರ್ನಿಗೆ ಸೀದಿ ಮೊದಲು ಸರಳಿಗೆ ಬಡಿದುಕೊಂಡ, ಬರುವಾಗ ಕಡ್ಡಿಯ ಮೇಲೆ ಗಟ್ಟಿಯಾಗಿ ಕೂತ. ತಾನು ಯಾವುದನ್ನಾದರೂ ಇಷ್ಟು ತಾಳ್ಮೆಯಿಂದ ಕಲಿಸಬಲ್ಲೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಚಿಕ್ಕ ಪಂಜರವನ್ನು ಮಡಿಲಲ್ಲಿಟ್ಟುಕೊಂಡೇ ಕಾಫಿ ಕುಡಿದಳು.

ಹೊರಟ ದಿನ ಖರ್ರೂಬಾ ನಿಲ್ದಾಣದಲ್ಲಿ ಬಾಡಿಗೆ ಟ್ಯಾಕ್ಸಿಯವನು ಪಂಜರ ನೋಡಿ, “ಅಕ್ಕಾ, ಅದನ್ನ ಡಿಕ್ಕೀಲಿ ಇಡಿ, ಜಾಗ ಆಗುತ್ತೆ,” ಎಂದ.

“ಡಿಕ್ಕೀಲಿ ನೀನು ಕೂತ್ಕೋತೀಯಾ ಅಣ್ಣಾ?”

ಉಳಿದ ಪ್ರಯಾಣಿಕರು ನಕ್ಕರು. ಅವಳು ಹಿಂದಿನ ಸೀಟಿನಲ್ಲಿ, ಬಿಸಿಲು ಬೀಳದ ಬದಿಯಲ್ಲಿ, ಪಂಜರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಚಾಲಕ ಎ.ಸಿ. ಹಾಕಿದಾಗ ತಣ್ಣನೆಯ ಗಾಳಿ ನೇರ ಬಟ್ಟೆಗೆ ಹೊಡೆಯಿತು. ಮುಂದಕ್ಕೆ ಬಾಗಿ ಆ ಗಾಳಿಯ ಕಿಂಡಿಯನ್ನು ಬೇರೆ ಕಡೆ ತಿರುಗಿಸಿದಳು. ಪಕ್ಕದ ದಪ್ಪ ಮನುಷ್ಯ ಕರವಸ್ತ್ರದಿಂದ ಕುತ್ತಿಗೆ ಒರೆಸುತ್ತ ಗೊಣಗಿದ: “ಮನುಷ್ಯರಿಗೆ ಸೆಖೆ ಆಗಲ್ವಾ ತಾಯಿ?”

“ನಿಮಗೆ ಸೆಖೆ ಆದ್ರೆ ನೀವು ಹೇಳ್ತೀರಿ. ಇದು ಹೇಳಲ್ಲ, ಸತ್ತುಹೋಗುತ್ತೆ.”

ಅವನು ಅವಳ ಮುಖ ನೋಡಿ ಕರವಸ್ತ್ರ ಮಡಿಸಿ ಜೇಬಿಗಿಟ್ಟ. ಹಿಂದೆಂದೂ ಅವಳು ಅಪರಿಚಿತ ಗಂಡಸಿಗೆ ಹೀಗೆ ಎದುರು ಮಾತಾಡಿದ್ದಿಲ್ಲ. ಹೆಮ್ಮೆಯೆನ್ನಿಸಿ, ಅದರ ಬೆನ್ನಿಗೇ ನಾಚಿಕೆಯಾಗಿ, ಅವನಿಗೊಂದು ಖರ್ಜೂರದ ರೊಟ್ಟಿಯ ತುಂಡು ಕೊಟ್ಟಳು. ಬುಯಿರಾ ಊರಿನ ಹತ್ತಿರ ಸುರಂಗಗಳು ಬಂದವು. ಕತ್ತಲು, ಗಾಡಿಗಳ ಮೊರೆತ, ಮತ್ತೆ ಬೆಳಕು. ಸೀಳಿನಲ್ಲಿ ಕಣ್ಣಿಟ್ಟರೆ ಏನೂ ಕಾಣುತ್ತಿರಲಿಲ್ಲ, ಒಂದು ಸದ್ದೂ ಇಲ್ಲ. ಸತ್ತಿತು ಎಂದುಕೊಂಡಳು. ಅದು ಸತ್ತಿದೆ, ನಾನು ಸತ್ತ ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಊರಿಗೆ ಹೋಗುತ್ತಿದ್ದೇನೆ. ಮದುವೆಯಾದ ಹೊಸತರಲ್ಲಿ ಇದೇ ದಾರಿಯಲ್ಲಿ ಅತ್ತೆಯ ಮನೆಗೆ ಹೋಗುವಾಗ ಖೆಮೀಸಿ ಅವಳ ಕಿವಿಯಲ್ಲಿ, ಹೆದರಬೇಡ, ಅಮ್ಮ ಕಚ್ಚಲ್ಲ ಅಂದಿದ್ದ. ಅವನ ಉಸಿರಿನಲ್ಲಿ ಕಿತ್ತಳೆಯ ವಾಸನೆಯಿತ್ತು. ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಬೆರಳನ್ನು ಬಟ್ಟೆಯೊಳಗೆ ತೂರಿಸಿದಳು. ಏನೋ ಚೂಪಾದದ್ದು ಉಗುರಿನ ತುದಿಯನ್ನು ಕುಕ್ಕಿತು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ದಪ್ಪ ಮನುಷ್ಯ ಪಾಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ದಾರಿಯ ಹೋಟೆಲಿನಲ್ಲಿ ಎಲ್ಲರೂ ಕುರಿಮಾಂಸ ಸುಡುವ ಹೊಗೆಯ ಕಡೆ ಹೋದರು. ಅವಳು ಮಾತ್ರ ಮರದ ನೆರಳಿನಲ್ಲಿ, ಎಂಜಿನ್ನಿನ ಶಾಖಕ್ಕೆ ದೂರವಾಗಿ ಕೂತು, ಬಟ್ಟೆ ಅರ್ಧ ಸರಿಸಿ, ಬಾಡಿದ ಹೋಳು ತೆಗೆದು ಹೊಸದು ಸಿಕ್ಕಿಸಿದಳು. ಸೀದಿ ಕುಡಿದ, ಕೊಕ್ಕು ಒರೆಸಿಕೊಂಡ, ಹಳದಿ ಪಟ್ಟೆಯ ರೆಕ್ಕೆಯನ್ನು ಒಂದೊಂದಾಗಿ ಚಾಚಿ ಮೈಮುರಿದ. ಊರು ದಾಟಿ ಊರು ಬರುತ್ತಿರುವುದು ಅವನಿಗೆ ಗೊತ್ತೇ ಇಲ್ಲವೆನ್ನುವಂತೆ. ಕೊಟ್ಟು ಬಂದ ಮೇಲೆ ಬಾಲ್ಕನಿಯಲ್ಲಿ ಏನಿರುತ್ತದೆ ಎಂದು ಅವಳಿಗೆ ಆಗ ಮೊದಲ ಸಲ ಹೊಳೆಯಿತು. ಒಂದು ಮೊಳೆ ಇರುತ್ತದೆ. ಗುಬ್ಬಚ್ಚಿಗಳು ಬಂದು ಕಾಳು ತಿಂದು ಹೋಗುತ್ತವೆ. ಛೆ, ಅದೆಲ್ಲ ಆಮೇಲಿನ ಮಾತು, ಮೊದಲು ಕೆಲಸ ಮುಗಿಯಲಿ ಎಂದು ತನ್ನನ್ನೇ ಗದರಿಸಿಕೊಂಡು ಬಟ್ಟೆ ಮುಚ್ಚಿದಳು.

ಕುಸಂತೀನಾದಲ್ಲಿ ಹಕ್ಕಿ ಸಾಕುವವರ ಕಾಫಿ ಅಂಗಡಿ ಕಮರಿಯ ಅಂಚಿನ ಒಂದು ಇಳಿಜಾರು ಬೀದಿಯಲ್ಲಿತ್ತು. ಹೆಂಗಸರು ಕಾಲಿಡುವ ಜಾಗವಲ್ಲ. ಅವಳು ಬಾಗಿಲು ತಳ್ಳಿದ್ದೇ ಮಾತು ನಿಂತಿತು. ಗೋಡೆಯುದ್ದಕ್ಕೂ ಮೊಳೆಗಳಲ್ಲಿ ಪಂಜರಗಳು, ಕೆಳಗೆ ಗಂಡಸರು. ಖೆಮೀಸಿ ಹೊಸ ಅಂಗಿ ಹಾಕಿದ್ದ, ಸ್ವಲ್ಪ ದಪ್ಪಗಾಗಿದ್ದ. ಎದ್ದು ಬಂದವನು ಅವಳ ಮುಖವನ್ನು ಅರೆಕ್ಷಣ ಕೂಡ ನೋಡಲಿಲ್ಲ. ಎರಡೂ ಕೈಯಲ್ಲಿ ಪಂಜರ ತೆಗೆದುಕೊಂಡು, ಖಾಲಿ ಮೊಳೆಗೆ ತೂಗುಹಾಕಿ, ಬಟ್ಟೆ ಸರಿಸಿ, ಸೀದಿಯ ಕಡೆಗೂ ಸರಿಯಾಗಿ ನೋಡದೆ ಬಂದು ಕೂತು ಕಣ್ಣು ಮುಚ್ಚಿಕೊಂಡ. ಮಿಕ್ಕವರೂ ಕಣ್ಣು ಮುಚ್ಚಿಕೊಂಡರು. ಅದು ಅವರ ರೀತಿ. ಮಕ್ನೀನನ್ನು ಕಿವಿಯಿಂದ ನೋಡಬೇಕು, ಕಣ್ಣು ಮೋಸ ಮಾಡುತ್ತದೆ ಎನ್ನುತ್ತಾರೆ. ಅವಳಿಗೆ ಯಾರೂ ಕುರ್ಚಿ ಕೊಡಲಿಲ್ಲ. ಹಣ್ಣುಗಡ್ಡದ ಮುದುಕರೊಬ್ಬರು ಒಂದು ಕಣ್ಣು ಬಿಟ್ಟು, “ಕೂತ್ಕೋ ಮಗಳೇ, ದೂರದಿಂದ ಬಂದಿದ್ದೀಯ,” ಎಂದು ತಮ್ಮ ಬೆಂಚಿನ ತುದಿ ತೋರಿಸಿದರು.

ಪಕ್ಕದ ಪಂಜರದ ಹಕ್ಕಿ ಒಂದು ಸುತ್ತು ಹಾಡಿ ನಿಲ್ಲಿಸಿತು. ಸೀದಿ ಮೈಕೊಡವಿದ. ದಾರಿಯ ಸುಸ್ತು ಅವನಲ್ಲಿ ಕಾಣಲೇ ಇಲ್ಲ, ಅವಳ ಬಾಲ್ಕನಿಯಲ್ಲೇ ಇದ್ದಾನೋ ಎನ್ನುವಂತೆ ಕತ್ತೆತ್ತಿ ಶುರುಮಾಡಿದ. ಮೊದಲ ಏರಿಕೆ, ಒಳಕೋಣೆಯ ಆ ಕ್ಯಾಸೆಟ್ಟಿನದೇ, ತುಂಬು ಗಂಟಲು. ಖೆಮೀಸಿಯ ಮುಖ ಮೆಲ್ಲಗೆ ಅರಳಿತು. ಅವಳು ನೋಡಲೆಂದು ಬಂದ ಮುಖ ಇದೇ, ನೋಡಿದಳು. ಆಮೇಲೆ, ಆ ಇಳಿತದ ತುದಿಯಲ್ಲಿ, ಚಿಂವ್ ಚಿಂವ್ ಚಿಂವ್.

ಯಾರೋ ಕಿಸಕ್ಕೆಂದರು. “ಖೆಮೀಸಿ, ಇದಕ್ಕೆ ರೊಟ್ಟಿ ಚೂರು ಹಾಕಪ್ಪಾ, ಹಸಿವಾಗಿದೆ,” ಎಂದು ಇನ್ನೊಬ್ಬ. ಅಂಗಡಿಯೆಲ್ಲ ನಗೆ. ಖೆಮೀಸಿ ಕಣ್ಣು ಬಿಟ್ಟ. ಹಕ್ಕಿಯನ್ನು ನೋಡಲಿಲ್ಲ, ಅವಳನ್ನು ನೋಡಿದ.

“ಇದು ನನ್ನ ಸೀದಿ ಅಲ್ಲ.”

ಅವಳು ಬಾಯಿ ತೆರೆಯುವ ಮೊದಲೇ ಅವನು ಮುಂದುವರಿಸಿದ.

“ನನ್ನ ಹಕ್ಕಿ ದನಿ ನನಗೆ ಗೊತ್ತಿಲ್ವಾ? ಅವನನ್ನ ಸಾಯಿಸಿಬಿಟ್ಟೆ. ಸಾಯಿಸಿ, ಬಜಾರಿಂದ ಯಾವುದೋ ಒಂದನ್ನ ತಂದು ನನ್ನ ಕಣ್ಣಿಗೆ ಮಣ್ಣೆರಚ್ತಿದ್ದೀಯಾ. ಇಷ್ಟು ಜನರ ಮುಂದೆ.” ಅವನು ಎದ್ದು ನಿಂತ. “ಕೇಳಿದ್ರೆ ನಾನು ಏನು ಬೇಕಾದ್ರೂ ಕೊಡ್ತಿದ್ನಲ್ಲೇ. ಅದರ ಮೇಲೆ ಯಾಕೆ ತೀರಿಸ್ಕೊಂಡೆ?”

ನಗೆ ನಿಂತಿತ್ತು. ಅಂಗಡಿಯ ಅಷ್ಟೂ ಕಣ್ಣು ಅವಳ ಮೇಲೆ. ಇಷ್ಟು ದಿನ ಮೆಟ್ಟಿಲು ಹತ್ತಿ ಇಳಿದದ್ದು, ಹೊಲಿದದ್ದು, ಸುರಂಗದಲ್ಲಿ ಅತ್ತದ್ದು, ಯಾವ ಮಾತು ಹುಟ್ಟಬಾರದೆಂದೋ ಆ ಮಾತು ಹುಟ್ಟಿಯೇಬಿಟ್ಟಿತು. ಸಿಟ್ಟಿನಿಂದ ಅವಳ ಕಿವಿ ಬಿಸಿಯಾಯಿತು. ತೋರಿಸಿಬಿಡುತ್ತೇನೆ. ಪಂಜರ ಇಳಿಸಿ ಅವನ ಮೂಗಿನ ಕೆಳಗೆ ಹಿಡಿದು, ನೋಡು, ಎಡಗಾಲಿನ ಹಿಂಬೆರಳು ನೋಡು ಎಂದರೆ ಸಾಕು. ಉಗುರು ಕತ್ತರಿಸಹೋಗಿ ಬುಡಕ್ಕೇ ಕತ್ತರಿಸಿ, ರಕ್ತ ಕಂಡು ಅವನೇ ಅತ್ತಿದ್ದ. ಹಿಟ್ಟು ಒತ್ತಿ ರಕ್ತ ನಿಲ್ಲಿಸಿದ್ದು ಅವಳು. ಆ ಉಗುರು ಮತ್ತೆ ಬೆಳೆಯಲಿಲ್ಲ, ಅಂಥ ಕಾಲು ಇನ್ನೊಂದು ಹಕ್ಕಿಗಿಲ್ಲ. ನೋಡಿದ ಕೂಡಲೇ ಅವನು ಸೋಲುತ್ತಾನೆ, ಇಷ್ಟು ಜನರೆದುರು ಕ್ಷಮೆ ಕೇಳುತ್ತಾನೆ. ಕೇಳಿ, ಹಕ್ಕಿಯನ್ನು ಮನೆಗೆ ಒಯ್ಯುತ್ತಾನೆ. ಕತ್ತಲು ಕೋಣೆಯಲ್ಲಿ ಬಟ್ಟೆ ಮುಚ್ಚಿ, ಆ ಚಿಂವ್ ಮರೆಯುವವರೆಗೆ ಅಲ್ಲೇ ಇಡುತ್ತಾನೆ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಎದ್ದು ನಿಂತಳು. ಮೊಳೆಯಿಂದ ಪಂಜರ ಇಳಿಸಿದಳು. ಕಾಲು ಈಗ ಅವಳ ಕಣ್ಣಿಗೆ ಸರಿಯಾಗಿ ಎದುರಿತ್ತು, ಅವನ ಕಣ್ಣಿಗೂ, ಅವನು ನೋಡಿದ್ದರೆ.

“ಹೌದು,” ಎಂದಳು. “ಇದು ನಿನ್ನ ಹಕ್ಕಿ ಅಲ್ಲ.”

“ಹಾಗಾದ್ರೆ ಅವನು?”

“ಸತ್ತ.”

ಖೆಮೀಸಿ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮುದುಕರು ಬೆಂಚಿನಲ್ಲಿ ಅವಳಿಂದ ದೂರ ಸರಿದು ಕೂತು, “ಅಲ್ಲಾಹನೇ ನೋಡಿಕೊಳ್ಳಲಿ ನಿನ್ನನ್ನ,” ಎಂದರು. ಈ ಮಾತು ಅವಳ ಟ್ಯಾಕ್ಸಿಗಿಂತ ಮೊದಲೇ ಬಾಬ್ ಅಲ್ ವಾದ್ ಮುಟ್ಟುತ್ತದೆ. ದಹ್ಬಿಯಾ ಬಾಗಿಲಲ್ಲೇ ಕೂತು ತಲೆಯಾಡಿಸುತ್ತಾಳೆ, ನಾನು ಅಂದುಕೊಂಡಿದ್ದೆ ಎನ್ನುತ್ತಾಳೆ. ಅವಳೊಬ್ಬಳಿಗಾದರೂ ನಿಜ ಹೇಳಬಹುದು. ಆದರೆ ಹೇಳಿದರೆ ವಾರದೊಳಗೆ ಇಲ್ಲಿಗೆ ಬಂದು ಮುಟ್ಟುತ್ತದೆ. ಯಾರಿಗೂ ಹೇಳುವಂತಿಲ್ಲ, ಯಾವತ್ತೂ. ಖೆಮೀಸಿಯ ಭುಜ ಕುಲುಕುತ್ತಿತ್ತು, ಅವಳಿಗಾಗಿ ಅದು ಎಂದೂ ಹಾಗೆ ಕುಲುಕಿರಲಿಲ್ಲ. ಆದರೂ ಅವನ ಮೇಲೆ ಕನಿಕರ ಬಂತು, ಕೈಚಾಚಿ ಮುಟ್ಟಬೇಕೆನಿಸುವಷ್ಟು. ಮುಟ್ಟಲಿಲ್ಲ. ಬಿಳಿಬಟ್ಟೆ ಹೊದಿಸಲು ಹೋದರೆ, ಅದರೊಳಗಿನಿಂದಲೇ ಸೀದಿ ಮತ್ತೆ ಗಂಟಲು ಬಿಚ್ಚಿದ. ಏರಿದ, ಇಳಿದ, ಗುಬ್ಬಚ್ಚಿಯಾದ. ಈ ಸಲ ಯಾರೂ ನಗಲಿಲ್ಲ. ಖೆಮೀಸಿ ಮುಖದಿಂದ ಕೈ ತೆಗೆಯದೆ, “ಅದನ್ನ ಇಲ್ಲಿಂದ ತಗೊಂಡು ಹೋಗು, ನನ್ನ ಸೀದೀನ ನೆನೆದು ಅಳೋಕಾದ್ರೂ ಬಿಡು,” ಎಂದ.

ಅವಳು ಬಟ್ಟೆಯ ಸೀಳನ್ನು ಸರಿಪಡಿಸಿ, ಪಂಜರವನ್ನು ಎದೆಗವಚಿಕೊಂಡು, ನೆರಳಿದ್ದ ಬದಿಯಲ್ಲಿ ಟ್ಯಾಕ್ಸಿ ನಿಲ್ದಾಣದ ಕಡೆ ಇಳಿಯತೊಡಗಿದಳು.